ಸ್ಲಂ ಬೋರ್ಡ್ ಮನೆ ಕಟ್ಕೊಡ್ತೀವಿ ಅಂತಿದಾರೆ, ಒಪ್ಪಿಗೆ ಪತ್ರಕ್ಕೆ ಸೈನ್ ಹಾಕೋದಾ ಬೇಡ್ವಾ? ಅನುಭವ ಇರೋರು ಹೇಳಿ

ಜೆರಾಕ್ಸ್_ಅಕ್ಕ (ಬೆಂಗಳೂರು)

ಎಲ್ರಿಗೂ ನಮಸ್ಕಾರ. ಏರಿಯಾ ಹೆಸರು ಹೇಳಲ್ಲ, ಹೇಳಿದ್ರೆ ನಾಳೆ ಬೆಳಿಗ್ಗೆ ಅಂಗಡಿ ಮುಂದೆ ಯಾರಾದ್ರೂ ನಿಂತಿರ್ತಾರೆ. ನಮ್ದು ಘೋಷಿತ ಸ್ಲಂ, ಹತ್ರ ಹತ್ರ ನಲವತ್ತು ವರ್ಷ ಆಯ್ತು. ನಮ್ಮಜ್ಜಿ ಬಂದಾಗ ಗುಂಡಿ ಇತ್ತಂತೆ, ಕಲ್ಲು ಮಣ್ಣು ತುಂಬಿ ತುಂಬಿ ಮನೆ ಮಾಡ್ಕೊಂಡ್ರು. ಈಗ ಶೀಟ್ ಮನೆ, ಕೆಲವು ಆರ್‌ಸಿಸಿ ಮನೆ, ಮೂರು ಗಲ್ಲಿ, ಒಂದು ಮಾರಮ್ಮನ ಗುಡಿ, ಒಂದು ಮಸೀದಿ, ಕನ್ನಡ ಬಾವುಟದ ಕಂಬ, ಅಂಬೇಡ್ಕರ್ ಫೋಟೋ ಇರೋ ಸಂಘದ ರೂಮು.

ಹೋದ ವಾರ ಬೋರ್ಡ್ ಕಡೆಯವರು ಅಂತ ಮೂರು ಜನ ಬಂದು ಮೀಟಿಂಗ್ ಮಾಡಿದ್ರು. ಈಗಿರೋ ಮನೆ ಎಲ್ಲ ಒಡೆದು ಗ್ರೌಂಡ್ ಪ್ಲಸ್ ತ್ರೀ (ಗ್ರೌಂಡ್ ಫ್ಲೋರ್ ಮೇಲೆ ಇನ್ನೂ ಮೂರು ಮಹಡಿ) ಕಟ್ಟಿಕೊಡ್ತಾರಂತೆ, ಅಲ್ಲಿವರೆಗೂ ನಾವು ಬೇರೆ ಕಡೆ ಇರಬೇಕಂತೆ. ಎಷ್ಟು ತಿಂಗಳು ಅಂದ್ರೆ "ಬೇಗ ಆಗತ್ತೆ". ಬಾಡಿಗೆ ಯಾರು ಕೊಡ್ತಾರೆ ಅಂದ್ರೆ "ಅದನ್ನ ನೋಡೋಣ". ಯಾವ ಮನೆ ಯಾರಿಗೆ ಅಂದ್ರೆ "ಲಾಟರಿ". ಒಪ್ಪಿಗೆ ಪತ್ರ ಅಂತ ಒಂದು ಶೀಟ್ ಹಂಚಿ ಹದಿನೈದು ದಿನದಲ್ಲಿ ಸೈನ್ ಮಾಡಿ ಕೊಡಿ ಅಂದ್ರು.

ಈಗ ನನ್ನ ತಲೆನೋವು ಏನಂದ್ರೆ, ನಾನು ಜೆರಾಕ್ಸ್ ಅಂಗಡಿ ಇಟ್ಕೊಂಡಿದೀನಿ, ಏರಿಯಾದ ಎಲ್ಲರ ಆಧಾರ್, ರೇಷನ್ ಕಾರ್ಡ್, ಪರಿಚಯ ಪತ್ರ, ಕರೆಂಟ್ ಬಿಲ್ಲು ನನ್ನ ಮೆಷಿನ್ ಮೇಲೆ ಒಂದಲ್ಲ ಒಂದಿನ ಬಿದ್ದಿರತ್ತೆ. ಅವರು ತಂದಿದ್ದ ಲಿಸ್ಟು ಕಾಪಿ ಮಾಡೋಕೆ ನನ್ನ ಹತ್ರಾನೇ ಕೊಟ್ರು. ಅದರಲ್ಲಿ 212 ಹೆಸರಿದೆ. ನಾನು ಮನಸ್ಸಲ್ಲೇ ಲೆಕ್ಕ ಹಾಕಿದ್ರೆ 280 ಸಂಸಾರಕ್ಕೆ ಕಮ್ಮಿ ಇಲ್ಲ. ಸತ್ತು ಹತ್ತು ವರ್ಷ ಆದೋರ ಹೆಸರಿದೆ, ಅವರ ಇಬ್ಬರು ಮಕ್ಕಳು ಗೋಡೆ ಎತ್ತಿ ಬೇರೆ ಬೇರೆ ಇದಾರೆ ಅವರ ಹೆಸರಿಲ್ಲ. ಗಂಡ ಬಿಟ್ಟು ಹೋದ ಮೂರು ಹೆಣ್ಮಕ್ಕಳದ್ದು ಗಂಡನ ಹೆಸರಲ್ಲೇ ಇದೆ. ಬಾಡಿಗೆಗೆ ಇರೋರು ಅಂತೂ ಲೆಕ್ಕಕ್ಕೇ ಇಲ್ಲ.

ನಮ್ಮಮ್ಮ "ಸೈನ್ ಹಾಕಿಬಿಡೋಣ, ಮಳೆ ಬಂದ್ರೆ ಮಂಚದ ಮೇಲೆ ಕೂತ್ಕೊಳೋದು ತಪ್ಪತ್ತೆ" ಅಂತಾರೆ. ಅದೂ ಸುಳ್ಳಲ್ಲ. ಏನ್ ಮಾಡೋದು ಹೇಳಿ.

ಆಟೋ_ಸೀನ

ಅಕ್ಕ ನಾನು ಕೋರಮಂಗಲ ಕಡೆಯವನು. ಈಜಿಪುರ ಕ್ವಾರ್ಟರ್ಸ್ ಕಥೆ ಒಂದ್ಸಲ ಕೇಳ್ಕೊಂಡು ಆಮೇಲೆ ಪೆನ್ನು ತಗೊಳಿ.

ಅದು ಪಾಲಿಕೆನೇ 1990ರ ಆಸುಪಾಸಲ್ಲಿ ಬಡವರಿಗೆ ಅಂತ ಕಟ್ಟಿಸಿದ್ದ ಬ್ಲಾಕುಗಳು, ಗುಡಿಸಲು ಅಲ್ಲ, ಸರ್ಕಾರದ್ದೇ ಮನೆ. ಕಟ್ಟಿದ್ದು ಎಷ್ಟು ಕಳಪೆ ಅಂದ್ರೆ ಇಪ್ಪತ್ತು ವರ್ಷಾನೂ ತಡೀಲಿಲ್ಲ, ಒಂದು ಬ್ಲಾಕ್ ಕುಸಿದೇ ಹೋಯ್ತು. ಆಮೇಲೆ ಉಳಿದಿದ್ದೂ ಡೇಂಜರ್ ಅಂತ ಒಡೆದು ಜನಾನ ಅಲ್ಲೇ ತಗಡಿನ ಶೆಡ್ಡಿಗೆ ಹಾಕಿದ್ರು. ತಾತ್ಕಾಲಿಕ ಅಂದಿದ್ರು, ಮಕ್ಕಳು ಆ ಶೆಡ್ಡಲ್ಲೇ ದೊಡ್ಡೋರಾದ್ರು. ಅಷ್ಟೊತ್ತಿಗೆ ಜಾಗಕ್ಕೆ ಚಿನ್ನದ ರೇಟು ಬಂದಿತ್ತು, ಖಾಸಗಿಯವರ ಜೊತೆ ಒಪ್ಪಂದ ಆಯ್ತು, ಒಂದು ಕಡೆ ಬಡವರ ಮನೆ ಇನ್ನೊಂದು ಕಡೆ ಮಾಲು ಅಂತ ಪ್ಲ್ಯಾನು. 2013 ಜನವರಿಯಲ್ಲಿ ಪೊಲೀಸು, ಜೆಸಿಬಿ ತಂದು ಶೆಡ್ಡೂ ಎತ್ತಿಸಿದ್ರು. ಜನವರಿ ಚಳಿ ಬೆಂಗಳೂರಲ್ಲಿ ಹೆಂಗಿರತ್ತೆ ಗೊತ್ತಲ್ಲ, ಸಾವಿರಾರು ಜನ, ಬಾಣಂತೀರು ಮುದುಕ್ರು ಎಲ್ಲಾ ಫುಟ್‌ಪಾತ್ ಮೇಲೆ. ಸರ್ಜಾಪುರ ರೋಡಿನ ಆಚೆ ಸೂಲಿಕುಂಟೆಗೆ ಹೋಗಿ ಅಂದ್ರು. ಮನೆಕೆಲಸಕ್ಕೆ ಹೋಗೋ ಹೆಂಗಸು ಸೂಲಿಕುಂಟೆಯಿಂದ ಬೆಳಿಗ್ಗೆ ಆರಕ್ಕೆ ಕೋರಮಂಗಲಕ್ಕೆ ಬರೋದು ಹೇಗೆ?

ನಾನು ಹೇಳೋದು ಇಷ್ಟೆ, "ತಾತ್ಕಾಲಿಕ" ಅನ್ನೋ ಪದ ಕೇಳಿದ ತಕ್ಷಣ ಡೇಟು ಬರ್ಕೊಡಿ ಅಂತ ಕೇಳಿ. ಬರ್ಕೊಡಲ್ಲ ಅಂದ್ರೆ ಮನೆ ಬಿಡಬೇಡಿ.

ಹುಬ್ಬಳ್ಳಿ_ಮಂದಿ

ಅಕ್ಕಾರ ನಮಸ್ಕಾರ್ರಿ. ನಾವು ಇಂಥಾ ಮನಿಯೊಳಗ ಇದ್ದು ಹನ್ನೆರಡು ವರ್ಷ ಆತು. ಆಗ ಕೇಂದ್ರ ಸರಕಾರದ್ದು ನರ್ಮ್ ಯೋಜನಾ ಅಂತಿದ್ರು, 2005ರಾಗ ಚಾಲೂ ಆಗಿದ್ದು. ನಮಗ ಮನಿ ಸಿಕ್ಕಾಗ ಪೇಢಾ ಹಂಚಿದ್ವಿ, ಸುಳ್ಳ ಯಾಕ ಹೇಳ್ಲಿ. ಮಳಿ ಬಂದ್ರ ಒಳಗ ನೀರ ಬರೂದಿಲ್ಲ, ಬಾಗಲಕ್ಕ ಚಿಲಕ ಐತಿ, ಮನಿಯೊಳಗ ಸಂಡಾಸ ಐತಿ. ಹೆಣ್ಣಮಕ್ಕಳಿಗೆ ಅದು ಎಷ್ಟ ದೊಡ್ಡ ವಿಷಯ ಅಂತ ಗಂಡಸರಿಗೆ ತಿಳಿಯಂಗಿಲ್ಲ, ಕತ್ತಲ ಆಗೂ ತನಕ ತಡಕೊಂಡು ಕುಂಡ್ರೂದು ನಿಂತಿತು.

ಆದ್ರ ಲಾಟರಿ ಅಂದ್ರಲ್ಲ, ಅಲ್ಲೇ ನಮ್ಮನ್ನ ಮುರದ್ರು ನೋಡ್ರಿ. ಮೊದಲ ನಮ್ಮ ಓಣಿಯೊಳಗ ನನ್ನ ಕೂಸನ್ನ ಬಾಜೂ ಮನಿ ಅವ್ವ ನೋಡ್ತಿದ್ಲು, ನಾ ಗಿರಣಿ ಕೆಲಸಕ್ಕ ಹೋಗ್ತಿದ್ದೆ. ಲಾಟರಿಯೊಳಗ ಅಕಿಗೆ ಆ ಕಡೆ ಬ್ಲಾಕ್ ಮೂರನೇ ಮಾಳಿಗಿ ಬಂತು. ಅಕಿಗೆ ಮಣಕಾಲ ನೋವು. ಹತ್ತಿದ್ರ ಇಳಿಯಂಗಿಲ್ಲ, ಇಳಿದ್ರ ಹತ್ತಂಗಿಲ್ಲ. ಕೂಸನ್ನ ಯಾರ ನೋಡಬೇಕು? ಕೆಲಸ ಬಿಟ್ಟೆ. ಆಕಿ ಆಮ್ಯಾಲ ಆ ಮನಿಗೆ ಕೀಲಿ ಹಾಕಿ ಮಗಳ ಊರಿಗೆ ಹೋದ್ಲು, ಅಲ್ಲೇ ತೀರಿಕೊಂಡ್ಲು. ಈಗ ಅಲ್ಲಿ ಯಾರೋ ಇದಾರ, ಬಾಡಿಗಿ ಯಾರಿಗೆ ಹೋಗ್ತೈತಿ ಗೊತ್ತಿಲ್ಲ.

ಮತ್ತ ನೀರಿನ ಮೋಟರ್. ನಮ್ಮ ಕಡೆ ನೀರ ಬರೂದ ವಾರಕ್ಕೊಮ್ಮೆ, ಬಂದಾಗ ಸಂಪ್ ತುಂಬಬೇಕು, ಮೋಟರ್ ಕರೆಂಟ್ ಬಿಲ್ ಯಾರ ಕಟ್ಟಬೇಕು ಅಂತ ಮೊದಲನೇ ವರ್ಷನ ಜಗಳ. ತೆಳಗಿನವರು "ನಮಗ ಮೋಟರ್ ಬ್ಯಾಡ, ಕೊಡದಾಗ ತುಂಬ್ಕೋತೀವಿ" ಅಂದ್ರು. ಎರಡು ವರ್ಷ ಮ್ಯಾಲಿನವರು ನೀರ ಹೊತ್ತಾರ. ಓಣಿಯೊಳಗ ಇದ್ದಾಗ ಇದ ಮಂದಿ ಒಂದ ನಲ್ಲಿಗೆ ಪಾಳಿ ಹಚ್ಚಿ ಒಬ್ಬರಿಗೂ ಕಮ್ಮಿ ಆಗದಂಗ ಹಂಚ್ಕೋತಿದ್ರು ಅಂದ್ರ ನಂಬತೀರೇನು.

ಟ್ಯಾಕ್ಸ್_ಪೇಯರ್_88

ಕ್ಷಮಿಸಿ ಕೇಳ್ತೀನಿ, ಸರ್ಕಾರಿ ಜಾಗದಲ್ಲಿ ಅಕ್ರಮವಾಗಿ ಕೂತು, ಈಗ ಫ್ರೀಯಾಗಿ ಮನೆ ಕೊಡ್ತೀವಿ ಅಂದ್ರೂ ಅದಕ್ಕೂ ಕಂಡೀಷನ್ನಾ? ನಾನು ಇಪ್ಪತ್ತು ವರ್ಷ ಇಎಂಐ ಕಟ್ತಿದೀನಿ. ನನಗ್ಯಾರೂ ಪಕ್ಕದ ಮನೆಯವರು ಯಾರು ಬೇಕು ಅಂತ ಕೇಳಲಿಲ್ಲ.

ಆಟೋ_ಸೀನ

ಅಣ್ಣ ನಿಮ್ದು ಎ ಖಾತಾನಾ ಬಿ ಖಾತಾನಾ?

ಟ್ಯಾಕ್ಸ್_ಪೇಯರ್_88

ಅದು ಇಲ್ಲಿ ಸಂಬಂಧ ಇಲ್ಲ.

ಆಟೋ_ಸೀನ

ಹಂಗಾದ್ರೆ ಬಿ, ಅಂದ್ರೆ ನಿಮ್ದೂ ಪೂರ್ತಿ ಸಕ್ರಮ ಅಲ್ಲ 😄

ಜೆರಾಕ್ಸ್_ಅಕ್ಕ

ಸೀನ ಅಣ್ಣ ಬಿಡಿ, ಅವರಿಗೆ ನಾನೇ ಹೇಳ್ತೀನಿ. ಸರ್, ಫ್ರೀ ಅಲ್ಲ. ಕೇಂದ್ರ ಒಂದು ಪಾಲು, ರಾಜ್ಯ ಒಂದು ಪಾಲು, ಉಳಿದಿದ್ದು ಫಲಾನುಭವಿ ವಂತಿಕೆ, ಅಂದ್ರೆ ಮನೆ ತಗೊಳೋ ನಾವೇ ಕಟ್ಟೋ ಪಾಲು. ಆ ವಂತಿಕೆ ಕಟ್ಟೋಕಾಗ್ದೆ, ಬ್ಯಾಂಕ್ ಸಾಲ ಸಿಗದೆ ಎಷ್ಟೋ ಕಡೆ ಮನೆಗಳು ಅರ್ಧಕ್ಕೇ ನಿಂತಿದ್ದಕ್ಕೇ 2024 ಮಾರ್ಚಲ್ಲಿ ರಾಜ್ಯ ಸರ್ಕಾರ ಒಂದು ಲಕ್ಷ ಕಟ್ಟಿ ಸಾಕು, ಉಳಿದಿದ್ದು ನಾವು ಹಾಕ್ತೀವಿ ಅಂತ ಹೇಳಿ ಮೊದಲ ಕಂತಲ್ಲಿ 36 ಸಾವಿರ ಚಿಲ್ಲರೆ ಮನೆ ಹಂಚಿದ್ದು. ಆ ಒಂದು ಲಕ್ಷಾನೂ ನಮ್ಮ ಗಲ್ಲೀಲಿ ಚೀಟಿ ಎತ್ತಿ, ಓಲೆ ಅಡ ಇಟ್ಟು ಕಟ್ಟಬೇಕು. ಪಕ್ಕದ ಮನೆಯವರು ಯಾರು ಬೇಕು ಅಂತ ನಿಮ್ಮನ್ನ ಕೇಳಲಿಲ್ಲ ಅಂದ್ರಿ, ನಿಜ. ಆದ್ರೆ ನಿಮ್ಮ ಮಗೂನ ಡೇಕೇರಲ್ಲಿ ಬಿಡ್ತೀರಿ ಅನ್ಸತ್ತೆ, ನಮಗೆ ಪಕ್ಕದ ಮನೆನೇ ಡೇಕೇರು, ಪಕ್ಕದ ಮನೆನೇ ಆಂಬುಲೆನ್ಸು, ಪಕ್ಕದ ಮನೆನೇ ಬ್ಯಾಂಕು. 2020 ಲಾಕ್‌ಡೌನಲ್ಲಿ ನಮ್ಮ ಎರಡನೇ ಗಲ್ಲಿಯವರು ಮೂರು ಒಲೆ ಹಚ್ಚಿ ಎಲ್ಲರ ಮನೆ ಅಕ್ಕಿ ಸೇರಿಸಿ ಅಡುಗೆ ಮಾಡಿದ್ರು, ಯಾರ ಮನೇಲಿ ಅಕ್ಕಿ ಇಲ್ಲ ಅಂತ ಕೇಳೋ ಹಂಗೇ ಇರಲಿಲ್ಲ ಯಾಕಂದ್ರೆ ಎಲ್ರಿಗೂ ಗೊತ್ತಿತ್ತು.

ಟ್ಯಾಕ್ಸ್_ಪೇಯರ್_88

ಸರಿ, ವಂತಿಕೆ ವಿಷಯ ಗೊತ್ತಿರಲಿಲ್ಲ. ಆದ್ರೂ ಕೊಟ್ಟ ಮನೆ ಮಾರ್ಕೊಂಡು ಮತ್ತೆ ಇನ್ನೊಂದು ಕಡೆ ಶೆಡ್ ಹಾಕೋರು ಇಲ್ವಾ? ಅದನ್ನೂ ಹೇಳಿ.

ಹುಬ್ಬಳ್ಳಿ_ಮಂದಿ

ಇದಾರ್ರಿ. ನಮ್ಮ ಬ್ಲಾಕಿನ್ಯಾಗೂ ಇದಾರ. ಆದ್ರ ಮಾರಿ ಹೋದವರು ಯಾರ ನೋಡ್ರಿ, ಮಗಳ ಮದವಿ ಸಾಲದವರು, ದವಾಖಾನಿ ಬಿಲ್ಲಿನವರು, ಮತ್ತ ಒಬ್ಬರ ಪರಿಚಯ ಇಲ್ಲದ ಬ್ಲಾಕಿನ್ಯಾಗ ಬಿದ್ದವರು. ತಮ್ಮವರ ನಡುವ ಮನಿ ಸಿಕ್ಕವರು ಒಬ್ಬರೂ ಮಾರಿಲ್ಲ. ಇದು ನಾ ಕಣ್ಣಿಲೆ ನೋಡಿದ್ದು.

ಮುಂಬೈ_ಪರಶು

ನಾನು ಹುಟ್ಟಿದ್ದು ಕಲಬುರಗಿ ಕಡೆ, ಬೆಳೆದಿದ್ದು ಮುಂಬೈ ಮಾನ್‌ಖುರ್ದ್. ಕನ್ನಡ ಸ್ವಲ್ಪ ತುಕ್ಕು ಹಿಡಿದಿದೆ, ಅಡ್ಜಸ್ಟ್ ಮಾಡ್ಕೊಳಿ.

ಅಕ್ಕ, ನಿಮ್ಮ 212 ಮತ್ತೆ 280 ಲೆಕ್ಕ ಇದೆಯಲ್ಲ, ಇಡೀ ವಿಷಯ ಇರೋದೇ ಅಲ್ಲಿ. ನಿಮ್ಮವರೇ ಒಬ್ಬರ ಕಥೆ ಹೇಳ್ತೀನಿ. ಜಾಕಿನ್ ಅರ್ಪುತಮ್ ಅಂತ, ನಮ್ಮ ಕೆಜಿಎಫಲ್ಲಿ ಹುಟ್ಟಿದವರು. ಬೆಂಗಳೂರಲ್ಲಿ ಬಡಗಿ ಕೆಲಸ ಕಲಿತು ಮುಂಬೈಗೆ ಬಂದು ಮಾನ್‌ಖುರ್ದ್ ಹತ್ರ ಜನತಾ ಕಾಲೋನಿ ಅನ್ನೋ ಸ್ಲಮ್ಮಲ್ಲಿ ಇದ್ರು. ಮುನ್ಸಿಪಾಲಿಟಿಯವರು ಕಸ ಎತ್ತಲ್ಲ ಅಂತ ಕಾಲೋನಿ ಮಕ್ಕಳ ಕೈಗೆ ಕಸದ ಪೊಟ್ಟಣ ಕೊಟ್ಟು ಮೆರವಣಿಗೆ ಮಾಡಿ ಮುನ್ಸಿಪಾಲಿಟಿ ಆಫೀಸ್ ಮುಂದೇನೇ ಸುರಿಸಿದ್ರು. ಆ ಕಾಲೋನಿ ಉಳೀಲಿಲ್ಲ, ಅಣುಶಕ್ತಿ ಕೇಂದ್ರಕ್ಕೆ ಜಾಗ ಬೇಕು ಅಂತ 1976ರಲ್ಲಿ ಎಮರ್ಜೆನ್ಸಿ ಟೈಮಲ್ಲಿ ಒಡೆದು ಜನಾನ ಚೀತಾ ಕ್ಯಾಂಪಿಗೆ ಸಾಗಿಸಿದ್ರು. ಸೋತರೂ ಮನುಷ್ಯ ಮನೇಲಿ ಕೂರಲಿಲ್ಲ, ದೇಶದ ಸ್ಲಂ ಜನರದ್ದೆಲ್ಲ ಒಂದು ಒಕ್ಕೂಟ ಬೆಳೆಸಿದ್ರು. 2000ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಬಂತು, 2018ರಲ್ಲಿ ತೀರಿಕೊಂಡ್ರು.

ಅವರ ಜೊತೆ ಆಮೇಲೆ ಸೇರಿದ ಬೈಕುಲ್ಲಾ ಫುಟ್‌ಪಾತಿನ ಹೆಂಗಸರು, ಮಹಿಳಾ ಮಿಲನ್ ಅಂತ ಸಂಘ, ಎರಡು ಕೆಲಸ ಮಾಡಿದ್ರು, ಅದು ನಿಮಗೆ ಉಪಯೋಗಕ್ಕೆ ಬರತ್ತೆ.

ಮೊದಲನೇದು, ಸರ್ಕಾರ ಎಣಿಸೋ ಮುಂಚೆ ನಾವೇ ಎಣಿಸ್ಕೊಳೋದು. 1985ರಲ್ಲಿ ಓಲ್ಗಾ ಟೆಲ್ಲಿಸ್ ಕೇಸ್ ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು. ಎಲ್ರೂ ಅದನ್ನ ಬಡವರ ಪರ ತೀರ್ಪು ಅಂತಾರೆ, ಜೀವನೋಪಾಯದ ಹಕ್ಕು ಜೀವಿಸೋ ಹಕ್ಕಿನ ಭಾಗ ಅಂತ ಅದರಲ್ಲಿ ಬರೆದಿರೋದು ನಿಜ, ಆದ್ರೆ ಅದೇ ತೀರ್ಪು ಮಳೆಗಾಲ ಮುಗಿದ ಮೇಲೆ ಫುಟ್‌ಪಾತ್ ಗುಡಿಸಲು ತೆಗೀಬಹುದು ಅಂತಾನೂ ಹೇಳ್ತು. ಫುಟ್‌ಪಾತಿನವರು ಯಾವ ಲಿಸ್ಟಲ್ಲೂ ಇರಲಿಲ್ಲ. ಅದಕ್ಕೇ ಅದೇ ವರ್ಷ ಸ್ಪಾರ್ಕ್ ಅನ್ನೋ ಸಂಸ್ಥೆಯವರು ಆ ಹೆಂಗಸರನ್ನ ಜೊತೆಗೆ ಸೇರಿಸ್ಕೊಂಡು ಮನೆ ಮನೆ ಎಣಿಸಿ, ಎಲ್ಲಿಂದ ಬಂದ್ರಿ, ಏನು ಕೆಲಸ, ಎಷ್ಟು ವರ್ಷ ಅಂತ ಬರೆದು ಪುಸ್ತಕ ಮಾಡಿ ಮುಂದೆ ಇಟ್ರು. ಲೆಕ್ಕ ನಮ್ಮ ಕೈಯಲ್ಲಿದ್ರೆ ಆಫೀಸರ್ ಮಾತಾಡೋ ದನಿನೇ ಬೇರೆ.

ಎರಡನೇದು ನನಗೆ ತುಂಬಾ ಇಷ್ಟ. ಎಷ್ಟು ದೊಡ್ಡ ಮನೆ ಬೇಕು ಅಂತ ಹೆಂಗಸರು ಸೀರೆ ಹಿಡಿದು ಅಳೆದು ನೋಡಿದ್ರು. ನೆಲದ ಮೇಲೆ ಸೀರೆ ಹಾಸಿ ಇದು ಅಡುಗೆಮನೆ, ಇಲ್ಲಿ ಮಲಗೋದು ಅಂತ. ಆಮೇಲೆ ಬಟ್ಟೆ ಬಿದಿರಲ್ಲಿ ಪೂರ್ತಿ ಸೈಜಿನ ಮನೆ ಮಾಡಿ ಪ್ರದರ್ಶನ ಇಟ್ಟು ಆಫೀಸರ್‌ಗಳನ್ನ ಅದರೊಳಗೆ ನಡೆಸಿದ್ರು.

ಕುಡ್ಲ_ಸಿವಿಲ್

ಪರಶು ಹೇಳಿದ ಸೀರೆ ಐಡಿಯಾ ಒಳ್ಳೆದುಂಟು ಮಾರಾಯ್ರೆ, ನಾನು ಸಿವಿಲ್ ಇಂಜಿನಿಯರ್ ಆಗಿ ಹೇಳ್ತೇನೆ. ಪ್ರಧಾನಮಂತ್ರಿ ಆವಾಸ್‌ನಲ್ಲಿ ಮೊದಲ ಹಂತದಲ್ಲಿ ಬಡವರ ವರ್ಗದ ಮನೆ ಅಂದ್ರೆ ಕಾರ್ಪೆಟ್ ಏರಿಯಾ (ಗೋಡೆ ಬಿಟ್ಟು ಒಳಗಿನ ಜಾಗ) ಮೂವತ್ತು ಚದರ ಮೀಟರ್ ವರೆಗೆ ಇತ್ತು, ಅಂದ್ರೆ 320 ಚದರ ಅಡಿ ಚಿಲ್ಲರೆ. ಪೇಪರಲ್ಲಿ ನೋಡಿದ್ರೆ ಗೊತ್ತಾಗುದಿಲ್ಲ. ಮೈದಾನದಲ್ಲಿ ಸುಣ್ಣ ಹಾಕಿ ಗೆರೆ ಎಳೀರಿ, ಮಂಚ ಇಡಿ, ಹೊಲಿಗೆ ಮಷಿನ್ ಇಡಿ, ಗ್ಯಾಸ್ ಇಡಿ. ನಿಮ್ಮಲ್ಲಿ ಮನೆಯಲ್ಲೇ ಕೆಲಸ ಮಾಡುವವರು ತುಂಬ ಜನ ಇರ್ತಾರೆ ಅಲ್ವಾ, ಊದುಬತ್ತಿ, ಹೂ ಕಟ್ಟುದು, ಇಡ್ಲಿ ಗಾಡಿ. ಇಡ್ಲಿ ಗಾಡಿಯನ್ನು ಮೂರನೇ ಮಾಳಿಗೆಗೆ ಹತ್ತಿಸ್ಲಿಕ್ಕೆ ಆಗ್ತದಾ? ಗಾಡಿ ಇರುವವರಿಗೆ, ಕಾಲು ನೋವಿನವರಿಗೆ, ಅಂಗವಿಕಲರಿಗೆ ಗ್ರೌಂಡ್ ಫ್ಲೋರ್ ಅಂತ ಮೊದಲೇ ಬರೆಸಿ. ಲಿಫ್ಟ್ ಕೊಡುದಿಲ್ಲ, ಕೊಟ್ಟರೂ ಅದರ ಮೈಂಟೆನೆನ್ಸ್ ನಿಮ್ಮ ತಲೆಗೆ.

ಇನ್ನು ಪೈಪು. ಒಡೆಯುವುದು, ಸೋರುವುದು ಯಾವಾಗಲೂ ಸ್ಯಾನಿಟರಿ ಲೈನಿನ ಜಾಯಿಂಟಲ್ಲಿ. ಎರಡು ಮನೆಯ ಬಾತ್‌ರೂಮ್ ಒಂದೇ ಡಕ್ಟಿಗೆ (ಪೈಪುಗಳು ಇಳಿಯುವ ಸಂದಿಗೆ) ಇದ್ದರೆ ಆ ಡಕ್ಟಿಗೆ ಮನುಷ್ಯ ಇಳಿದು ರಿಪೇರಿ ಮಾಡುವಷ್ಟು ಜಾಗ ಬಿಟ್ಟಿದ್ದಾರಾ ನೋಡಿ. ಇದೊಂದು ತಪ್ಪಿದ್ರೆ ಐದು ವರ್ಷದಲ್ಲಿ ಗೋಡೆ ಎಲ್ಲ ಪಾಚಿ. ಪ್ಲ್ಯಾನ್ ಕಾಪಿ ಕೇಳಿ, ಕೊಡದಿದ್ರೆ ಆರ್‌ಟಿಐ ಹಾಕಿ, ನನಗೆ ಕಳಿಸಿ ನಾನು ನೋಡಿ ಹೇಳ್ತೇನೆ, ದುಡ್ಡೇನು ಬೇಡ.

ಯಾದಗಿರಿ_ಶೆಡ್

ಎಲ್ಲರೂ ಚಂದ ಮಾತಾಡಾಕತ್ತೀರಿ. ನನ್ನದೊಂದು ಮಾತು ಕೇಳ್ರಿ. ನಾವು ಬಾಡಿಗಿ ಮಂದಿ. ಯಾದಗಿರಿಂದ ಬಂದು ಇಂಥದ ಒಂದು ಸ್ಲಂದಾಗ ತಗಡಿನ ಮನಿಗೆ ತಿಂಗಳಾ ನಾಲ್ಕು ಸಾವಿರ ಕೊಟ್ಟು ಆರು ವರ್ಷ ಇದ್ವಿ. ಮನಿ ಮಾಲಕ ಅದೇ ಓಣಿಯವ, ಒಳ್ಳೆಯವನ, ಹಬ್ಬಕ್ಕ ಹೋಳಿಗಿ ಕೊಡ್ತಿದ್ದ. ಒಡಿಯಾಕ ಬರ್ತಾರ ಅಂದ ಕೂಡಲೇ ಒಂದ ವಾರದಾಗ ಮನಿ ಖಾಲಿ ಮಾಡ್ರಿ ಅಂದ. ಸರ್ವೇದವರು ಬಂದಾಗ ನಾವು ಅಲ್ಲಿ ಇದ್ದೀವಿ ಅಂತ ಹೇಳಬ್ಯಾಡ್ರಿ ಅಂದ. ನಾವು ಅವತ್ತ ಕೆಲಸಕ್ಕ ಹೋಗಿದ್ವಿ, ಬಿಲ್ಡಿಂಗ್ ಕೆಲಸ, ದಿನಾ ಬಿಟ್ರ ಕೂಲಿ ಹೋಗತೈತಿ.

ಈಗ ಖಾಲಿ ಸೈಟಿನ್ಯಾಗ ನೀಲಿ ತಾಡಪತ್ರಿ ಕೆಳಗ ಇದ್ದೀವಿ. ಇದು ಘೋಷಿತನೂ ಅಲ್ಲ ಏನೂ ಅಲ್ಲ, ಯಾವ ಬೋರ್ಡಿಗೂ ನಾವು ಕಾಣಂಗಿಲ್ಲ. ನೀವು ಒಗ್ಗಟ್ಟು ಒಗ್ಗಟ್ಟು ಅಂತೀರಿ, ನಿಮ್ಮ ಒಗ್ಗಟ್ಟಿನ್ಯಾಗ ಬಾಡಿಗಿಯವರು ಬರ್ತಾರೇನು?

ಜೆರಾಕ್ಸ್_ಅಕ್ಕ

ಅಣ್ಣ, ಇದನ್ನ ಓದಿ ಎರಡು ದಿನ ಏನೂ ಬರೀಲಿಲ್ಲ. ಯಾಕಂದ್ರೆ ನಮ್ಮನೆ ಹಿಂದಿನ ರೂಮಲ್ಲೂ ಬಾಡಿಗೆಗೆ ಇದಾರೆ, ನಮ್ಮಮ್ಮ ಅವರಿಂದ ಮೂರು ಸಾವಿರದ ಐನೂರು ಇಸ್ಕೊಳ್ತಾರೆ, ಅದರಲ್ಲಿ ನಮ್ಮ ಗ್ಯಾಸು, ಬಿಪಿ ಮಾತ್ರೆ. ನಾನು ಮೊದಲು ಪೋಸ್ಟ್ ಹಾಕಿದಾಗ ಬಾಡಿಗೆಯವರು ಲೆಕ್ಕಕ್ಕಿಲ್ಲ ಅಂತ ದೊಡ್ಡದಾಗಿ ಬರೆದೆ, ಆದ್ರೆ ನಮ್ಮ ಮನೆ ಹಿಂದಿನ ರೂಮು ನೆನಪಾಗಲೇ ಇಲ್ಲ.

ವಾಸ್ಕೋ_ಬಸು

ಯಾದಗಿರಿ ಅಣ್ಣನ ಮಾತಿಗೆ ನಂದೊಂದು ಸೇರಿಸ್ತೀನ್ರಿ, ಗೋವಾದಿಂದ. ನಮ್ಮ ಬಾಗಲಕೋಟಿ, ಗದಗ, ವಿಜಯಪುರದ ಮಂದಿ ಇಲ್ಲಿ ಬೈನಾ ಬೀಚಿನ್ಯಾಗ ಎಷ್ಟೋ ವರ್ಷ ಇದ್ರು. ರೇಷನ್ ಕಾರ್ಡ್ ಇತ್ತು, ವೋಟರ್ ಕಾರ್ಡ್ ಇತ್ತು, ಸಾಲಿಗೆ ಹೋಗು ಮಕ್ಕಳಿದ್ರು. 2017 ಸೆಪ್ಟೆಂಬರದಾಗ ಜೆಸಿಬಿ ತಂದು ಕೆಡವಿದ್ರು. ಅಲ್ಲಿ ನಾವು ಪರ ರಾಜ್ಯದವರು, ಬೆಂಗಳೂರಾಗ ಯಾದಗಿರಿಯವರು ಪರ ಊರವರು, ಎಲ್ಲಿ ಹೋದ್ರೂ ಕೂಲಿಯವ ಪರದೇಶಿನ. ಆ ಟೈಮಿನ್ಯಾಗ ಬೆಂಗಳೂರಿಂದ ಲೀಡರ್ ಬಂದು ಭಾಷಣ ಮಾಡಿ ಹೋದ್ರು. ಸಾಮಾನು ಇಡಾಕ ಜಾಗ ಕೊಟ್ಟವರು ಮಾತ್ರ ಜುವಾರಿನಗರದ ನಮ್ಮಂಥಾ ಒಂದ ಖೋಲಿಯವರು. ನಮ್ಮ ಖೋಲಿಯೊಳಗ ಎರಡು ಸಂಸಾರದ ಟ್ರಂಕು ಎಂಟು ತಿಂಗಳ ಇದ್ವು, ಅದರ ಮ್ಯಾಲ ಮಕ್ಕಳು ಮಲಗ್ತಿದ್ರು.

ಹಳೇ_ಸಂಘದವನು

ನನಗೆ 64 ವರ್ಷ, ಮೊಬೈಲಲ್ಲಿ ಟೈಪ್ ಮಾಡೋದು ನಿಧಾನ. ಕಾನೂನು ವಿಷಯ ಸ್ವಲ್ಪ ಹೇಳ್ತೀನಿ. ನಮ್ಮ ರಾಜ್ಯದ ಕೊಳಗೇರಿ ಕಾಯ್ದೆ 1973ದು, ಬೋರ್ಡ್ ಆಗಿದ್ದು 1975ರಲ್ಲಿ. ಆಗ ಹೆಸರೇ ಕೊಳಚೆ ನಿರ್ಮೂಲನಾ ಮಂಡಳಿ, ನಿರ್ಮೂಲನೆ ಅಂದ್ರೆ ಕೊಳಚೆದೋ ನಮ್ದೋ ಅಂತ ನಾವು ತಮಾಷೆ ಮಾಡ್ತಿದ್ವಿ. ಈಗ ಅಭಿವೃದ್ಧಿ ಮಂಡಳಿ ಅಂತ ಆಗಿದೆ, ಬೋರ್ಡು ಬದಲಾಯ್ತು.

ಘೋಷಣೆ ಆಗಿದೆ ಅಂದ್ರೆ ನೀವು ಸ್ವಲ್ಪ ಗಟ್ಟಿ ನೆಲದ ಮೇಲೆ ಇದೀರಿ, ಆದ್ರೆ ಘೋಷಣೆ ಬೇರೆ, ಹಕ್ಕುಪತ್ರ ಬೇರೆ, ಇದನ್ನ ಎಷ್ಟೋ ಜನ ಒಂದೇ ಅಂದ್ಕೊಂಡಿದಾರೆ. ಘೋಷಣೆ ಆದ್ರೆ ಅದು ಸ್ಲಂ ಅಂತ ಒಪ್ಕೊಂಡಂಗೆ. ಪರಿಚಯ ಪತ್ರ ಅಂದ್ರೆ ನೀವು ಅಲ್ಲಿ ಇದೀರಿ ಅಂತ. ಹಕ್ಕುಪತ್ರ ಬಂದಾಗಲೇ ಆ ಜಾಗದ ಮೇಲೆ ನಿಮಗೊಂದು ಹಕ್ಕು, ಅದರ ಹಿಂದೆ ಚಕ್ಕುಬಂದಿ (ಜಾಗದ ನಾಲ್ಕೂ ಕಡೆ ಗಡಿ) ಸರಿಯಾಗಿ ಬರೆದಿದಾರಾ ನೋಡ್ಕೋಬೇಕು. ಈಗ ನಿಮ್ಮ ಕೈಲಿರೋದು ಇವುಗಳಲ್ಲಿ ಯಾವುದು? ಹಕ್ಕುಪತ್ರ ಇರೋರು ಹಳೇದನ್ನ ವಾಪಸ್ ಕೊಟ್ಟು ಹೊಸ ಮನೆ ತಗೊಳೋದಾದ್ರೆ, ಹೊಸ ಮನೆಯ ಪತ್ರ ಕೈಗೆ ಬರೋವರೆಗೂ ಹಳೇದರ ಒರಿಜಿನಲ್ ಕೊಡಬೇಡಿ. ಜೆರಾಕ್ಸ್ ಕೊಡಿ. ನಿಮ್ಮ ಅಂಗಡಿಗೂ ವ್ಯಾಪಾರ ಆಗತ್ತೆ.

ಇನ್ನೊಂದು, ಆವಾಸ್ ಯೋಜನೇಲಿ ಮನೆ ಹೆಂಗಸಿನ ಹೆಸರಲ್ಲಿ ಇಲ್ಲ ಗಂಡ ಹೆಂಡತಿ ಜಂಟಿ ಹೆಸರಲ್ಲಿ ಆಗಬೇಕು ಅಂತಿದೆ. ಗಂಡ ಬಿಟ್ಟು ಹೋದ ಆ ಮೂರು ಹೆಣ್ಮಕ್ಕಳ ವಿಷಯ ಅಲ್ಲಿಂದ ಹಿಡೀರಿ, ಒಬ್ಬೊಬ್ಬರೇ ಹೋಗಬೇಡಿ, ಮೂವರೂ ಒಟ್ಟಿಗೆ ಹೋಗಿ, ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳಿ. ಸೀಲ್ ಇಲ್ಲದ ಅರ್ಜಿ ಅರ್ಜಿನೇ ಅಲ್ಲ.

ಮುಂಬೈ_ಪರಶು

ಅಂಕಲ್ ಹೇಳಿದ್ದು ನೂರಕ್ಕೆ ನೂರು. ಇಲ್ಲಿನದು ಸೇರಿಸ್ತೀನಿ. ಮುಂಬೈಯಲ್ಲಿ ಸ್ಲಂ ಜನಕ್ಕೆ ಬಿಲ್ಡರ್ ಫ್ರೀ ಮನೆ ಕಟ್ಟಿಕೊಡೋ ಸ್ಕೀಮು 1995ರಿಂದ ಇದೆ, ಆಗ 225 ಚದರ ಅಡಿ, ಆಮೇಲೆ 269, ಈಗ 300. ಮೊದಲು ನೂರಕ್ಕೆ ಎಪ್ಪತ್ತು ಜನದ ಒಪ್ಪಿಗೆ ಬೇಕಿತ್ತು, ಅದನ್ನ ಐವತ್ತೊಂದಕ್ಕೆ ಇಳಿಸಿದ್ರು. ಅಂದ್ರೆ ನೂರರಲ್ಲಿ 49 ಜನ ಬೇಡ ಅಂದ್ರೂ ನಡೆಯತ್ತೆ. ಮತ್ತೆ ಮಾಹುಲ್ ಅಂತ ಇದೆ, ರಿಫೈನರಿ ಪಕ್ಕ 72 ಬಿಲ್ಡಿಂಗ್ ಕಟ್ಟಿ ಪೈಪ್‌ಲೈನ್ ಪಕ್ಕದ ಸ್ಲಂ ಜನಾನ ಅಲ್ಲಿ ಹಾಕಿದ್ರು. ಪಕ್ಕಾ ಮನೆ, ಉಸಿರಾಡೋಕೆ ಆಗಲ್ಲ. ಆ ಜನ ವಿದ್ಯಾವಿಹಾರಲ್ಲಿ ರಸ್ತೆ ಪಕ್ಕ ತಿಂಗಳುಗಟ್ಟಲೆ ಕೂತ್ರು. ಪಕ್ಕಾ ಮನೆ ಬಿಟ್ಟು ರಸ್ತೆಗೆ ಬಂದು ಕೂತ್ರು ಅಂದ್ರೆ ಯೋಚನೆ ಮಾಡಿ. ನಿಮ್ದು ಇದ್ದ ಜಾಗದಲ್ಲೇ ಕಟ್ತೀವಿ ಅಂತಿದಾರೆ, ಆ ಒಂದು ಪಾಯಿಂಟ್ ಚಿನ್ನ, ಅದನ್ನ ಬಿಡಬೇಡಿ.

ಟ್ಯಾಕ್ಸ್_ಪೇಯರ್_88

ಒಂದು ಪ್ರಶ್ನೆ, ಜಗಳಕ್ಕಲ್ಲ. ಲಾಟರಿ ಇಲ್ದೆ ಹಂಚಿದ್ರೆ ಲೀಡರ್ ತನ್ನ ಸಂಬಂಧಿಕರಿಗೆಲ್ಲ ಒಳ್ಳೆ ಮನೆ ಕೊಡ್ಕೊಳಲ್ವಾ? ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಲ್ಲೇ ಪಾರ್ಕಿಂಗ್ ವಿಷಯಕ್ಕೆ ಅದಾಗಿದೆ.

ಹುಬ್ಬಳ್ಳಿ_ಮಂದಿ

ಇದು ಖರೇ ಪ್ರಶ್ನೆ. ಆಗ್ತೈತ್ರಿ, ನಮ್ಮಲ್ಲೂ ಲೀಡರನ ತಮ್ಮಗ ಮೂಲಿ ಮನಿ ಗಾಳಿ ಬೆಳಕಿನ್ದು ಸಿಕ್ಕೈತಿ, ಲಾಟರಿ ಇದ್ದೂ ಸಿಕ್ಕೈತಿ, ಅದ ಮಜಾ. ಅದಕ್ಕ ಓಣಿಗೊಂದು ಬ್ಲಾಕ್ ಅಂತ ಮೊದಲ ನಿಕ್ಕಿ ಮಾಡ್ರಿ, ಆ ಬ್ಲಾಕಿನೊಳಗ ಮುದುಕರಿಗೆ, ಗಾಡಿಯವರಿಗೆ ತೆಳಗ ತೆಗೆದು ಇಟ್ಟು, ಉಳದದ್ದಕ್ಕ ಚೀಟಿ ಎತ್ರಿ. ಚೀಟಿ ಎತ್ತಾಕ ಸಣ್ಣ ಹುಡುಗಿನ್ನ ಕರೀರಿ, ಎಲ್ಲಾರ ಮುಂದ, ಹಾಡಹಗಲೇ.

ಜೆರಾಕ್ಸ್_ಅಕ್ಕ

ಎರಡು ವಾರ ಆದ್ಮೇಲೆ ಬರೀತಿದೀನಿ. ಉದ್ದ ಆಗತ್ತೆ.

ಪರಶು ಅಣ್ಣ ಹೇಳಿದಂಗೆ ನಾವೇ ಸರ್ವೇ ಮಾಡಿದ್ವಿ. ಇನ್ನೂರು ಪೇಜಿನ ಲಾಂಗ್ ಬುಕ್ ಎರಡು ತಗೊಂಡು, ಪ್ರತಿ ಗಲ್ಲಿಗೆ ಇಬ್ಬರು ಹೆಂಗಸರು, ಒಬ್ಬ ಪಿಯುಸಿ ಓದೋ ಹುಡುಗ ಅಥವಾ ಹುಡುಗಿ. ಸಂಜೆ ಏಳರಿಂದ ಹತ್ತು, ಆಗಲೇ ಎಲ್ರೂ ಮನೇಲಿರೋದು. ಮನೆ ನಂಬರು, ಯಾರ್ಯಾರು, ಎಷ್ಟು ಒಲೆ (ಒಂದು ಒಲೆ ಅಂದ್ರೆ ಒಂದು ಸಂಸಾರ ಅಂತ ನಮ್ಮ ಲೆಕ್ಕ), ಯಾವ ಕಾಗದ ಇದೆ, ಏನು ಕೆಲಸ, ಮೆಟ್ಟಿಲು ಹತ್ತೋಕಾಗಲ್ದೋರು ಇದಾರಾ. ಮೊದಲನೇ ದಿನ ಜಗಳಾನೇ. ಒಂದು ಮನೇಲಿ ಅಣ್ಣ "ಒಂದೇ ಒಲೆ" ಅಂದ, ತಮ್ಮನ ಹೆಂಡತಿ ಒಳಗಿಂದ ಕುಕ್ಕರ್ ತಂದು ಮುಂದೆ ಇಟ್ಟು "ಇದ್ಯಾರ್ದು ಹಂಗಾದ್ರೆ" ಅಂದ್ಲು. ಬರ್ಕೊಂಡ್ವಿ, ಎರಡು ಒಲೆ.

ಕೊನೆಗೆ ಬಂದಿದ್ದು 297. ನನ್ನ ಅಂದಾಜಿಗಿಂತ ಜಾಸ್ತಿ. ಅದರಲ್ಲಿ 41 ಬಾಡಿಗೆ ಸಂಸಾರ.

ಬಾಡಿಗೆಯವರನ್ನ ಬರೀಬೇಕಾ ಬೇಡ್ವಾ ಅಂತ ಸಂಘದ ರೂಮಲ್ಲಿ ರಾತ್ರಿ ಒಂದು ಗಂಟೆವರೆಗೂ ಗಲಾಟೆ. ಅವರನ್ನ ಸೇರಿಸಿದ್ರೆ ನಮ್ಮ ಮನೆ ಕಮ್ಮಿ ಆಗತ್ತೆ ಅಂತ ಹೆಚ್ಚಿನವರು. ಒಬ್ಬರು ನೇರವಾಗಿ ನಮ್ಮಮ್ಮನ್ನ ನೋಡಿ "ನಿನ್ನ ಹಿಂದಿನ ರೂಮು ಅವರ ಹೆಸರಿಗೆ ಬರೆದ್ರೆ ಒಪ್ತೀಯಾ" ಅಂದ್ರು. ಅಮ್ಮ ಸುಮ್ನೆ ಕೂತಿದ್ರು. ಆಮೇಲೆ ಹೇಳಿದ್ರು, "ರೂಮು ಬರೆಯೋದು ಬೇಡ, ಜನಾನ ಬರೀರಿ, ಅವಳು ನನ್ನ ಡ್ರಿಪ್ ಬಾಟ್ಲಿ ಹಿಡ್ಕೊಂಡು ರಾತ್ರಿ ಪೂರ್ತಿ ನಿಂತಿದ್ಲು, ಅವಳು ಇಲ್ಲಿ ಇಲ್ಲ ಅಂತ ನಾನು ಹೆಂಗೆ ಬರ್ಸಲಿ." ಹಂಗಾಗಿ ಬೇರೆ ಪುಟದಲ್ಲಿ ಬರೆದಿದೀವಿ, ಬೋರ್ಡಿಗೆ ಕೊಡೋ ಮನವೀಲಿ ಇವರಿಗೂ ಈ ಪ್ರಾಜೆಕ್ಟಲ್ಲೋ ಇನ್ನೊಂದರಲ್ಲೋ ಮನೆ ಕೊಡಿ, ಅಲ್ಲಿವರೆಗೂ ಶೆಡ್ ಕೊಡೋವಾಗ ಇವರಿಗೂ ಕೊಡಿ ಅಂತ ಹಾಕಿದೀವಿ. ಯಾದಗಿರಿ ಅಣ್ಣ, ಇದು ಪೂರ್ತಿ ಅಲ್ಲ ಅಂತ ಗೊತ್ತು. ಇಬ್ಬರು ಮಾಲೀಕರು ಸಿಟ್ಟಾಗಿ ಸೈನ್ ಹಾಕಲಿಲ್ಲ.

ಸುಣ್ಣದ ಗೆರೆನೂ ಎಳೆದ್ವಿ, ಮಸೀದಿ ಮುಂದಿನ ಖಾಲಿ ಜಾಗದಲ್ಲಿ. ಮಂಚ, ಬೀರು, ಗ್ಯಾಸು ಇಟ್ಟು ನೋಡಿದ್ರೆ ಹೊಲಿಗೆ ಮಷಿನ್ನಿಗೆ ಜಾಗ ಬಾಗಿಲಲ್ಲಿ ಮಾತ್ರ. ಮಕ್ಕಳಿಗೆ ಖುಷಿ, ಮೂರು ದಿನ ಅಲ್ಲೇ ಅಡುಗೆ ಆಟ ಆಡಿದ್ರು. ಆದ್ರೆ ಅದನ್ನ ನೋಡಿದ ಮೇಲೆ ಬೇಡವೇ ಬೇಡ ಅನ್ನುತ್ತಿದ್ದ ಮೂರ್ನಾಲ್ಕು ಜನ "ಪರವಾಗಿಲ್ಲ, ಈಗಿನದಕ್ಕಿಂತ ದೊಡ್ಡದೇ" ಅಂದ್ರು, ಅದೂ ಒಂದು ಆಶ್ಚರ್ಯ.

ಈಗ ಮನವೀಲಿ ಇರೋದು: ಇದೇ ಜಾಗ, ಗಲ್ಲಿಗೊಂದು ಬ್ಲಾಕ್, ಗ್ರೌಂಡ್ ಫ್ಲೋರ್ ಮುದುಕರಿಗೆ ಮತ್ತೆ ಗಾಡಿಯವರಿಗೆ, ಬಿಟ್ಟು ಹೋಗೋ ದಿನದಿಂದ ಬಾಡಿಗೆ ಅಥವಾ ಹತ್ತಿರದಲ್ಲೇ ಶೆಡ್, ಮುಗಿಸೋ ತಾರೀಖು ಬರಹದಲ್ಲಿ, ಒರಿಜಿನಲ್ ಕಾಗದ ಕೊಡಲ್ಲ. 203 ಜನ ಸೈನ್, ಹೆಬ್ಬೆಟ್ಟು. ಕೊಟ್ಟು ಬಂದ್ವಿ, ಸೀಲ್ ಹಾಕಿಸ್ಕೊಂಡ್ವಿ (ಸಂಘದ ಅಂಕಲ್, ಸೀಲಿಗೆ ಎರಡು ಗಂಟೆ ನಿಂತ್ವಿ). ಒಪ್ಪಿಗೆ ಪತ್ರ ಇನ್ನೂ ಯಾರೂ ಕೊಟ್ಟಿಲ್ಲ. ಹದಿನೈದು ದಿನ ಮುಗಿದು ನಾಲ್ಕು ದಿನ ಆಯ್ತು, ಏನೂ ಆಗಿಲ್ಲ, ಆಕಾಶ ಕಳಚಿ ಬಿದ್ದಿಲ್ಲ.

ಯಾದಗಿರಿ_ಶೆಡ್

ಪೂರ್ತಿ ಅಲ್ಲ, ಖರೇ. ಆದ್ರ ಬರದ್ರೆಲ್ಲ ಅಕ್ಕಾರ. ನಮ್ಮ ಹೆಸರ ಒಂದ ಪುಟದಾಗ ಯಾರೂ ಬರದಿದ್ದಿಲ್ಲ. ನಮ್ಮ ನೀಲಿ ತಾಡಪತ್ರಿಯವರು ಅರವತ್ತು ಮನಿ ಇದ್ದೀವಿ. ಆ ಬುಕ್ಕಿನ್ಯಾಗ ಗೆರಿ ಹೆಂಗ ಹೊಡದೀರಿ, ಏನೇನ ಕೇಳೀರಿ ಒಂದ ಫೋಟೋ ಹಾಕ್ತೀರೇನು? ನಾವೂ ಬರೀತೀವಿ.

ಕುಡ್ಲ_ಸಿವಿಲ್

ಪ್ಲ್ಯಾನ್ ಸಿಕ್ಕಿತಾ? ಡಕ್ಟ್ ನೋಡಿದ್ರಾ?

ಜೆರಾಕ್ಸ್_ಅಕ್ಕ

ಪ್ಲ್ಯಾನ್ ಕೊಟ್ಟಿಲ್ಲ ಸರ್, ಆರ್‌ಟಿಐ ಅರ್ಜಿ ಸೋಮವಾರ ಹಾಕ್ತೀವಿ. ಯಾದಗಿರಿ ಅಣ್ಣ, ಬುಕ್ಕು ಈಗ ಒಂದನೇ ಗಲ್ಲಿ ಫಾತಿಮಕ್ಕನ ಮನೇಲಿದೆ, ನಾಳೆ ಇಸ್ಕೊಂಡು ಹೆಸರುಗಳ ಮೇಲೆ ಪೇಪರ್ ಮುಚ್ಚಿ ಖಾಲಿ ಕಾಲಂ ಕಾಣೋ ಹಂಗೆ ಫೋಟೋ ಹಾಕ್ತೀನಿ. ಅರವತ್ತು ಮನೆ ಅಂದ್ರೆ ಒಂದು ಬುಕ್ ಸಾಕು. ನೀಲಿ ಪೆನ್ನಲ್ಲಿ ಬರೀಬೇಡಿ, ಜೆರಾಕ್ಸಲ್ಲಿ ಮಸುಕಾಗತ್ತೆ, ಕಪ್ಪು ತಗೊಳಿ.